ಅಂಗಳದ ನೀರು ಹೋದ ದಾರಿ

ನಮ್ಮ ಶಾಲೆಯ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದವನು ನಾನು. ದುಡ್ಡು ಕೊಟ್ಟವರು ಬೇರೆ, ಜಲ್ಲಿ ಸುರಿದವರು ಬೇರೆ, ಉದ್ಘಾಟನೆಗೆ ಬಂದು ರಿಬ್ಬನ್ ಕತ್ತರಿಸಿದವರಂತೂ ಇನ್ನೂ ಬೇರೆ. ಆದರೆ ಊರಿನ ದಾನಿಗಳ ಮನೆಗೆ ಒಂದು ಬೇಸಿಗೆಯಿಡೀ ಓಡಾಡಿ, ಅವರ ಕಡಲೆಕಾಯಿ ಮಂಡಿಯ ಲಾಭ ನಷ್ಟದ ಕತೆಯನ್ನೆಲ್ಲ ಕೇಳಿ, ಲೆಕ್ಕವಿಲ್ಲದಷ್ಟು ಲೋಟ ಮಜ್ಜಿಗೆ ಕುಡಿದು ಅವರನ್ನು ಒಪ್ಪಿಸಿದವನು ನಾನು. 2019ರ ಮಾತು. ಚಳ್ಳಕೆರೆ ಸೀಮೆಯ ಒಂದು ಹಳ್ಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಅಲ್ಲಿ ಗಣಿತ ಮತ್ತು ವಿಜ್ಞಾನದ ಮೇಷ್ಟ್ರು.

ಮಳೆಯೇ ಅಪರೂಪವಾದ ಸೀಮೆಯಲ್ಲಿ ಅಂಗಳಕ್ಕೆ ಕಾಂಕ್ರೀಟು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಮಳೆ ಕಡಿಮೆ ಎಂದರೆ ಮಳೆ ಬರುವ ದಿನಗಳು ಕಡಿಮೆ ಎಂದಷ್ಟೇ ಅರ್ಥ. ಬಂದ ದಿನ ಅದು ಯಾರ ಮುಲಾಜೂ ನೋಡುವುದಿಲ್ಲ. ಒಂದು ಗಂಟೆ ಹೊಡೆದು ಹೋದರೆ ಮುಂದಿನ ಮೂರು ದಿನ ನಮ್ಮ ಅಂಗಳದಲ್ಲಿ ಪ್ರಾರ್ಥನೆ ಇಲ್ಲ, ಆಟ ಇಲ್ಲ. ಬಿಸಿಯೂಟದ ತಟ್ಟೆ ಹಿಡಿದು ಬರುವ ಒಂದನೇ ಕ್ಲಾಸಿನ ಮಕ್ಕಳು ಸಾರಿನ ಸಮೇತ ಜಾರಿ ಬೀಳುತ್ತಿದ್ದವು. ಕಾಂಕ್ರೀಟು ಬಿದ್ದ ಮೇಲೆ ಅಂಗಳ ಕನ್ನಡಿಯಂತಾಯಿತು. ಧ್ವಜಸ್ತಂಭದ ಪಕ್ಕದಲ್ಲಿ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು ನಿಂತಿತು. ಭೇಟಿಗೆ ಬಂದ ಅಧಿಕಾರಿಗಳು ಬೆನ್ನು ತಟ್ಟಿದರು. ನಾನು ಆ ಫೋಟೋವನ್ನು ವಾಟ್ಸಾಪಿನ ಡಿಪಿ ಮಾಡಿಕೊಂಡು ಬಹಳ ದಿನ ತೆಗೆಯಲೇ ಇಲ್ಲ.

ಮರುವರ್ಷ ಕೊರೊನಾ. ಶಾಲೆಯ ಬಾಗಿಲು ಹಾಕಿತು. ನಾವು ವಠಾರ ಶಾಲೆ ಎಂದು ಗುಡಿಯ ಜಗಲಿಗಳಲ್ಲಿ ಪಾಠ ಮಾಡಿಕೊಂಡು ಓಡಾಡಿದೆವು. ಹೀಗಾಗಿ ನಾನು ಹಾಕಿಸಿದ ಕಾಂಕ್ರೀಟಿನ ಮೇಲೆ ಜೋರು ಮಳೆ ಬೀಳುವುದನ್ನು ನಾನು ನಿಂತು ನೋಡಿದ್ದು 2022ರಲ್ಲಿಯೇ.

ಆ ವರ್ಷದ ಮಳೆಯನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು ಆ ಸೆಪ್ಟೆಂಬರಿನಲ್ಲಿ. ಜನ ಟ್ರಾಕ್ಟರು ಟೆಂಪೋ ಮಾಡಿಕೊಂಡು ಕೋಡಿ ನೋಡಲು ಹೋದರು. ಹೋಗಿ ಬಂದ ಮಕ್ಕಳು ಕ್ಲಾಸಿನಲ್ಲಿ ಅದನ್ನೇ ಹೇಳುತ್ತಿದ್ದವು. ಹೊರಗೆ ಮಳೆ ಸುರಿಯುತ್ತಿತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗ ಕಿಟಕಿಯಿಂದ ಕೈ ತೋರಿಸಿ, “ಸಾ, ನಮ್ ಸ್ಕೂಲೂ ಕೋಡಿ ಬಿದ್ದೈತೆ” ಅಂದ. ಎಲ್ಲರೂ ನಕ್ಕರು. ಅವನು ತೋರಿಸಿದ್ದು ಅಡುಗೆಕೋಣೆಯ ಹಿಂದಿನ ಮೂಲೆಯಲ್ಲಿ, ಕಾಂಪೌಂಡಿನ ಬುಡದಲ್ಲಿದ್ದ ಒಂದು ತೂತು. ಅದರೊಳಗೆ ನೀರು ಸುಳಿ ಸುತ್ತಿಕೊಂಡು ಹೊರಗೆ ನುಗ್ಗುತ್ತಿತ್ತು.

ಆ ದಿನ ಕ್ಷೇತ್ರಫಲದ ಪಾಠ ಇತ್ತು. ಪಾಠ ಬಿಟ್ಟು ಅಂಗಳ ಅಳೆದೆವು ಎನ್ನುವುದಕ್ಕಿಂತ, ಅಂಗಳ ಅಳೆದದ್ದೇ ಪಾಠವಾಯಿತು. ಟೇಪು ಹಿಡಿದು ನೋಡಿದರೆ ಕಾಂಕ್ರೀಟಿನ ಉದ್ದ 40 ಮೀಟರ್, ಅಗಲ 22. ಗುಣಿಸಿದರೆ 880 ಚದರ ಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಇಷ್ಟು ಸರಳವಾದ ಲೆಕ್ಕವನ್ನು ನಾನು ಅಷ್ಟು ವರ್ಷ ಮಕ್ಕಳಿಗೆ ಹೇಳಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಮೇಲೆ ಕೆಳಗೆ ಒಂದೇ ಅಗಲದ ಡಬ್ಬವೊಂದನ್ನು ಬಯಲಿನಲ್ಲಿ ಇಟ್ಟೆವು. ಅದೇ ವಾರದ ಒಂದು ರಾತ್ರಿ ಅದರಲ್ಲಿ ಅಡ್ಡಪಟ್ಟಿಯಿಂದ ಅಳೆದಾಗ 50 ಮಿಲಿಮೀಟರ್ ನೀರಿತ್ತು. ಅಂಗಳದ ಪಾಲಿಗೆ 44,000 ಲೀಟರ್. ಸುಮಾರು 300 ಚದರ ಮೀಟರಿನ ಮಾಳಿಗೆಯಿಂದ ಇನ್ನೊಂದು 15,000. ಬೇಸಿಗೆಯಲ್ಲಿ ನಮ್ಮೂರಿಗೆ ಬರುವ ಟ್ರಾಕ್ಟರ್ ಟ್ಯಾಂಕರಿಗೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ಮಕ್ಕಳು ಭಾಗಾಕಾರ ಮಾಡಿ, ಹತ್ತಿರ ಹತ್ತಿರ ಹದಿನೈದು ಟ್ಯಾಂಕರ್ ಎಂದು ಬರೆದು, ಉತ್ತರ ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದರು. ಟ್ಯಾಂಕರ್ ಬಂದರೆ ಕೊಡ ಹಿಡಿದುಕೊಂಡು ಜಗಳ ಆಡುವ ಬೀದಿಗಳ ಮಕ್ಕಳು ಅವು.

“ಇಷ್ಟೂ ನೀರು ಎಲ್ಲಿಗೆ ಹೋಗ್ತೈತೆ ಸಾ?”

“ರೋಡಿಗೆ” ಅಂದೆ. ರಸ್ತೆಯ ನೀರು ಗೇಟಿನಿಂದ ಒಳಗೆ ಬರುತ್ತದೆ, ಆ ತೂತಿನಿಂದ ಹೊರಗೆ ಹೋಗಿ ಎಲ್ಲೋ ಚರಂಡಿ ಸೇರುತ್ತದೆ ಎಂದು ನನ್ನ ನಂಬಿಕೆ. ನಂಬಿಕೆ ಎಂದರೆ, ಆ ಗೋಡೆಯ ಆಚೆಗೆ ನಾನು ಒಂದು ಸಲವೂ ಹೋಗಿರಲಿಲ್ಲ ಎಂದು ಅರ್ಥ.

ನೀರಿನ ನಕ್ಷೆ ಬರೆಯೋಣ ಎಂದು ತೀರ್ಮಾನಿಸಿದೆವು. ಮೇಸ್ತ್ರಿಯ ಮಗನೊಬ್ಬ ಅಪ್ಪನ ಮಟ್ಟದ ಕೊಳವೆಯನ್ನು ತಂದ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನೆಲದಿಂದ ಆ ಮಟ್ಟಕ್ಕೆ ಎಷ್ಟು ಎತ್ತರ ಎಂದು ಅಳೆಯುತ್ತ ಹೋದರೆ ನೆಲದ ಏರುತಗ್ಗು ಸಿಗುತ್ತದೆ. ಎರಡೆರಡು ಮೀಟರಿಗೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟರು. ನಮ್ಮ ಹೆಣ್ಣುಮಕ್ಕಳಿಗೆ ಚುಕ್ಕಿ ಇಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮೊದಲ ದಿನದ ಅಳತೆಯೆಲ್ಲ ಹಾಳಾಯಿತು. ಒಂದು ಚುಕ್ಕಿ ಇದ್ದಕ್ಕಿದ್ದಂತೆ ಗುಡ್ಡ, ಪಕ್ಕದ್ದು ಕೆರೆ. ಪೈಪಿನೊಳಗೆ ಗಾಳಿಯ ಗುಳ್ಳೆ ಕೂತಿತ್ತು. ಮೇಸ್ತ್ರಿಯ ಮಗನಿಗೆ ನಾಚಿಕೆಯಾಗಿ, ಮರುದಿನ ಅಪ್ಪನನ್ನೇ ಕರೆದುಕೊಂಡು ಬಂದ. ಆತ ಪೈಪನ್ನು ಎರಡು ಸಲ ಬೆರಳಿನಿಂದ ತಟ್ಟಿ ಗುಳ್ಳೆ ಹೊರಗೆ ಕಳಿಸಿದ್ದನ್ನು ನೋಡಿದಾಗ, ಬಿ.ಎಡ್. ಓದಿದ ನಾನು ಪಕ್ಕಕ್ಕೆ ನಿಂತುಕೊಂಡೆ.

ಒಂದೇ ಎತ್ತರದ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದಾಗ ಸಮಾಜ ಪುಸ್ತಕದ ಸಮೋನ್ನತ ರೇಖೆಗಳು ಗ್ರಾಫ್ ಹಾಳೆಯ ಮೇಲೆ ಎದ್ದು ಬಂದವು. ಸಪಾಟಾಗಿದೆ ಎಂದು ನಾನು ನಂಬಿದ್ದ ಅಂಗಳ ಗೇಟಿನಿಂದ ಅಡುಗೆಕೋಣೆಯ ಮೂಲೆಗೆ 34 ಸೆಂಟಿಮೀಟರ್ ಇಳಿದಿತ್ತು. ಎಲ್ಲ ಬಾಣಗಳೂ ಆ ತೂತಿನ ಕಡೆಗೇ. ಗೇಟಿನ ಹೊರಗಿನ ರಸ್ತೆ ಮಾತ್ರ ಅಂಗಳಕ್ಕಿಂತ ತಗ್ಗು. ರಸ್ತೆಯ ನೀರು ಒಳಗೆ ಬರುತ್ತದೆ ಎಂಬ ನನ್ನ ಮಾತು ಅಲ್ಲಿಗೆ ಬಿತ್ತು. ಆದರೂ ನಾನು ಬಿಡಲಿಲ್ಲ. ಕಾಗದದ ಮೇಲೆ ನಂಬಬಾರದು, ಪ್ರಯೋಗ ಮಾಡಿ ನೋಡೋಣ ಎಂದೆ. ವಿಜ್ಞಾನದ ಮೇಷ್ಟ್ರು ಸೋಲುವಾಗ ಹೀಗೆಯೇ ಮಾತಾಡುತ್ತಾನೆ.

ಪ್ರಯೋಗ ಮಕ್ಕಳದೇ. ನಮ್ಮ ಕಡೆ ಯಾವ ಮನೆಯಲ್ಲೂ ಸಿಗುವ ವಸ್ತು ಕಡಲೆಕಾಯಿ ಸಿಪ್ಪೆ. ಹಗುರ, ತೇಲುತ್ತದೆ, ದೋಣಿಯ ಆಕಾರವೇ ಇದೆ. ಗೋಡೆಗೆ ಬಳಿದು ಉಳಿದ ಪೇಂಟಿನಲ್ಲಿ ನೂರು ಸಿಪ್ಪೆ ನೀಲಿ, ನೂರು ಹಳದಿ, ನೂರು ಬಿಳಿ ಮಾಡಿ ಒಣಗಿಸಿದರು. ನೀಲಿ ಕಾಂಕ್ರೀಟಿನ ನಡುವೆ, ಹಳದಿ ಮಾಳಿಗೆಯ ಪೈಪುಗಳ ಬಾಯಿಯಲ್ಲಿ, ಬಿಳಿ ಗೇಟಿನ ಹೊರಗೆ. ಒಂದು ಸಂಜೆ ಮೋಡ ಕಟ್ಟಿದ್ದನ್ನು ನೋಡಿ ಎಲ್ಲವನ್ನೂ ಹರಡಿ ಮನೆಗೆ ಹೋದೆವು. ರಾತ್ರಿ ಒಳ್ಳೆಯ ಮಳೆ.

ಬೆಳಿಗ್ಗೆ ಹೋದಾಗ ಮಕ್ಕಳು ಅಂಗಳದ ತುಂಬ ಬಗ್ಗಿಕೊಂಡು ಸಿಪ್ಪೆ ಹುಡುಕುತ್ತಿದ್ದರು. ಬಿಳಿಯವು ಬಹುಪಾಲು ರಸ್ತೆಯಲ್ಲೇ ಹೋಗಿದ್ದವು. ಹಳದಿ ಒಂದಿಷ್ಟು ಕೈ ತೊಳೆಯುವ ಜಾಗದ ಕಾಲುವೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ನೀಲಿ ಮಾತ್ರ ಒಳಗೆ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಸಿಗಲಿಲ್ಲ. ಆಗ ಏಳನೇ ಕ್ಲಾಸಿನ ಒಬ್ಬಳು ಹುಡುಗಿ, ಕ್ಲಾಸಿನಲ್ಲಿ ಹೆಚ್ಚು ಮಾತಾಡದವಳು, ಬಂದು ನನ್ನ ಮೇಜಿನ ಮೇಲೆ ಅವಳ ಜಾಮಿಟ್ರಿ ಬಾಕ್ಸ್ ಇಟ್ಟಳು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಬಾಕ್ಸಿನೊಳಗೆ ಕೈವಾರ ಕೋನಮಾಪಕಗಳ ಬದಲು ಒದ್ದೆ ಸಿಪ್ಪೆ. ಹಿಡಿಸದಷ್ಟು ಚೀಲದಲ್ಲಿ. ಎಣಿಸಿಯೇ ತಂದಿದ್ದಳು. ನೀಲಿ 61, ಹಳದಿ 23, ಬಿಳಿ 2.

“ಎಲ್ಲಿ ಸಿಕ್ಕವು?”

“ನಮ್ಮನೇಲಿ ಸಾ.”

ಅವಳು ನಮ್ಮ ಬಿಸಿಯೂಟದ ಅಡುಗೆಯಮ್ಮನ ಮೊಮ್ಮಗಳು. ಅವರ ಮನೆ ಅಡುಗೆಕೋಣೆಯ ಹಿಂದೆ, ಗೋಡೆಯ ಆಚೆಗೇ ಇದೆ ಎಂಬುದು ನನಗೆ ಗೊತ್ತಿತ್ತು. ಸಾರು ಕುದಿಯಲಿಟ್ಟು ಆಕೆ ಮನೆಗೆ ಹೋಗಿ ಒಂದು ಕ್ಷಣದಲ್ಲಿ ಬರುತ್ತಿದ್ದುದನ್ನು ಎಷ್ಟು ಸಲ ನೋಡಿಲ್ಲ! ಗೋಡೆಯ ತೂತು ಗೊತ್ತಿತ್ತು, ಮನೆ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಆಕೆಯ ಜೊತೆ ಹೋದೆ. ಮಣ್ಣಿನ ಗೋಡೆಯ, ಮೇಲೆ ಶೀಟು ಹೊದಿಸಿದ ಎರಡು ಅಂಕಣದ ಮನೆ. ಹೊಸ್ತಿಲಿನ ಮುಂದೆ ಒಂದೂವರೆ ಗೇಣು ಎತ್ತರಕ್ಕೆ ಸಿಮೆಂಟಿನ ದಿಂಡು ಕಟ್ಟಿಸಿದ್ದರು. ಒಳಗೆ ಹೋಗಬೇಕಾದರೆ ಅದನ್ನು ದಾಟಿ ಕಾಲಿಡಬೇಕು. ಒಳಗೋಡೆಯಲ್ಲಿ ಮೊಣಕಾಲಿನ ಕೆಳಗೆ ಒಂದು ತೇವದ ಗೆರೆ, ಅದರ ಕೆಳಗೆ ಮಣ್ಣು ಹಪ್ಪಳದ ಹಾಗೆ ಎದ್ದಿತ್ತು. ರಾಗಿ ಚೀಲ ಎರಡು ಇಟ್ಟಿಗೆ ಎತ್ತರದಲ್ಲಿ, ಗ್ಯಾಸ್ ಸಿಲಿಂಡರ್ ಇನ್ನೊಂದು ಕಲ್ಲಿನ ಮೇಲೆ. ಎಲ್ಲವನ್ನೂ ನೆಲದಿಂದ ಎತ್ತಿ ಇಟ್ಟುಕೊಂಡ ಮನೆ.

“ಈ ದಿಂಡು ಯಾವಾಗ ಕಟ್ಟಿಸಿದ್ರಿ?”

“ಕಾಂಕ್ರೀಟ್ ಬಿತ್ತಲ್ಲ ಸಾ, ಅದೇ ವರ್ಷ ಮಳೆಗೆ.”

ಮುಂಚೆಯೂ ಒಂದಿಷ್ಟು ನೀರು ಬರುತ್ತಿತ್ತಂತೆ. ತುಳಿದು ಗಟ್ಟಿಯಾದ ಮಣ್ಣಿನ ಅಂಗಳವೂ ಎಲ್ಲ ನೀರನ್ನು ಕುಡಿಯುವುದಿಲ್ಲ. ಆದರೆ ಗುಂಡಿಗಳಲ್ಲಿ ನಿಂತು, ಹುಲ್ಲಿನಲ್ಲಿ ತಡೆದು, ನಿಧಾನಕ್ಕೆ ಬರುತ್ತಿತ್ತು. ಈಗ ನೂರು ಪಾಲಿನಲ್ಲಿ ಎಂಬತ್ತು ತೊಂಬತ್ತು ಪಾಲು, ಅದೂ ಬಿದ್ದ ಕ್ಷಣದಲ್ಲೇ ಹೊರಡುತ್ತದೆ. ಮಕ್ಕಳು ಜಾರಿ ಬೀಳುತ್ತಿದ್ದ ಆ ಕೆಸರೇ ಆಕೆಯ ಮನೆಯನ್ನು ಅಷ್ಟು ವರ್ಷ ಕಾಯ್ದಿತ್ತು.

“ನನಗೆ ಯಾಕೆ ಹೇಳಲಿಲ್ಲ?”

ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. “ಏನ್ ಹೇಳಾದು ಸಾ. ನೀವ್ ಅಷ್ಟ್ ಕಷ್ಟಪಟ್ಟು ಹಾಕ್ಸಿದ್ರಿ. ಮಕ್ಳು ಚೆಂದಾಗಿ ಕುಂತ್ಕಂಡು ಉಣ್ತವೆ.”

ಆಕೆ ಹೇಳದೆ ಬಿಟ್ಟ ಇನ್ನೊಂದು ಮಾತು ನನಗೆ ಗೊತ್ತು. ಅಡುಗೆಯವರ ಕೆಲಸ ನಡೆಯುವುದು ಶಾಲೆಯವರ ಮರ್ಜಿಯ ಮೇಲೆ. ಶಾಲೆಯ ನೀರು ಮನೆಗೆ ನುಗ್ಗುತ್ತದೆ ಎಂದು ಶಾಲೆಯ ಮೇಷ್ಟ್ರಿಗೆ ದೂರು ಹೇಳುವುದು ಅಷ್ಟು ಸುಲಭವಲ್ಲ. ಮೂರು ವರ್ಷ ಆಕೆ ರಾತ್ರಿ ನೀರು ಎತ್ತಿ ಹಾಕಿ, ಬೆಳಿಗ್ಗೆ ನಮ್ಮ ಮಕ್ಕಳಿಗೆ ಅನ್ನ ಮಾಡಲು ಬಂದಿದ್ದರು. ನಾನು ರುಚಿ ನೋಡಿ ರಿಜಿಸ್ಟರಿನಲ್ಲಿ “ಉತ್ತಮ” ಎಂದು ಬರೆದಿದ್ದೆ.

ಮರುದಿನ ನಕ್ಷೆಯಲ್ಲಿ ಕಾಂಪೌಂಡಿನ ಗೆರೆಯ ಹೊರಗೆ ಒಂದು ಪುಟ್ಟ ಚೌಕ ಬಂದಿತ್ತು. ಅದನ್ನು ಬರೆದವಳು ಮೊಮ್ಮಗಳಲ್ಲ, ಅವಳ ಗೆಳತಿ.

ಏನು ಮಾಡಬೇಕು ಎನ್ನುವುದರ ಮೇಲೆ ವಾರಗಟ್ಟಲೆ ಚರ್ಚೆ. ತೂತು ಮುಚ್ಚಿಬಿಡೋಣ ಎಂದು ಒಂದು ಗುಂಪು. ಮುಚ್ಚಿದರೆ ನೀರಿನ ಭಾರಕ್ಕೆ ಗೋಡೆಯೇ ಮಲಗುತ್ತದೆ, ಮಲಗುವುದೂ ಆ ಮನೆಯ ಮೇಲೆಯೇ ಎಂದು ಮೇಸ್ತ್ರಿ ಹೇಳಿದ. ಮೂಲೆಯಿಂದ ಕಾಲುವೆ ತೆಗೆದು ಬೇರೆ ಕಡೆ ತಿರುಗಿಸೋಣ ಎಂದು ನಾನು. “ಆ ಕಡೆ ನಮ್ಮನೆ ಐತೆ ಸಾ” ಎಂದು ಇನ್ನೊಬ್ಬ ಹುಡುಗ. ಎಲ್ಲಿಗೆ ತಿರುಗಿಸಿದರೂ ಅಲ್ಲಿ ಯಾರದೋ ಮನೆ ಇರುತ್ತದೆ. ಆ ವರ್ಷದ ಪ್ರವಾಸವನ್ನು ಮೈಸೂರಿನ ಬದಲು ಚಿತ್ರದುರ್ಗದ ಕೋಟೆಗೆ ಇಟ್ಟುಕೊಂಡದ್ದು ಮಕ್ಕಳಿಗೆ ಬೇಸರವೇ. ನೋಡಿದ ಕೋಟೆಯನ್ನೇ ಎಷ್ಟು ಸಲ ನೋಡುವುದು? ಆದರೆ ಈ ಸಲ ಅವರು ಒನಕೆ ಓಬವ್ವನ ಕಿಂಡಿಯ ಮುಂದೆ ಫೋಟೋ ತೆಗೆದುಕೊಂಡು ಮುಗಿಸಲಿಲ್ಲ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಎಂದು ನೀರಿನ ಹಿಂದೆ ಇಳಿದರು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡಕ್ಕೆ ಇಳಿಸಿ, ಅದು ತುಂಬಿದರೆ ಹೆಚ್ಚಿನದನ್ನು ಕೆಳಗಿನ ಹೊಂಡಕ್ಕೆ ಬಿಡುವ ಏರ್ಪಾಡು. ಬಂಡೆಗಿಂತ ಗಟ್ಟಿ ಕಾಂಕ್ರೀಟು ಯಾವುದಿದೆ? ವಾಪಸು ಬರುವಾಗ ಬಸ್ಸಿನಲ್ಲಿ ಮೇಸ್ತ್ರಿಯ ಮಗ, “ನೀರು ಬಿದ್ದಲ್ಲೇ ಹಿಡೀಬೇಕು ಸಾ, ಕೊನೇಲಿ ಹಿಡಿಯಕ್ಕಾಗಲ್ಲ” ಅಂದ.

ಬಿದ್ದಲ್ಲೇ ಹಿಡಿಯುವುದು ಎಂದರೆ ಕಾಂಕ್ರೀಟು ಒಡೆಯುವುದು.

ಜಾಗ ಹುಡುಕಲು ಮೊಣಕಾಲುದ್ದದ ಎರಡು ಗುಂಡಿ ತೋಡಿ ನೀರು ಸುರಿದು ಗಡಿಯಾರ ಹಿಡಿದು ಕೂತರು. ಅಡುಗೆಕೋಣೆಯ ಬಳಿ, ಹಿಂದೆ ಯಾವಾಗಲೋ ತುಂಬಿಸಿದ್ದ ಎರೆಮಣ್ಣಿನ ಗುಂಡಿಯಲ್ಲಿ ಮರುದಿನ ಬೆಳಿಗ್ಗೆಯೂ ನೀರು ಹಾಗೆಯೇ ನಿಂತಿತ್ತು. ಬೇವಿನ ಮರದ ಹತ್ತಿರದ ಕೆಂಪು ಮಸಾರಿ ಮಣ್ಣಿನಲ್ಲಿ ಒಂದು ಪಿರಿಯಡ್ ಮುಗಿಯುವುದರೊಳಗೆ ಇಂಗಿಹೋಯಿತು. ನಾನು ಮೊದಲು ಇಂಗುಗುಂಡಿಯನ್ನು ತೂತಿನ ಪಕ್ಕದಲ್ಲೇ ಮಾಡಬೇಕೆಂದಿದ್ದೆ. ಹಾಗೆ ಮಾಡಿದ್ದರೆ ಮೇಲಿನಿಂದ ಬರುವ ನೀರನ್ನು ನಿಲ್ಲಿಸಿ, ಅದನ್ನೇ ನೆಲದೊಳಗಿನಿಂದ ಆಕೆಯ ಮಣ್ಣಿನ ಗೋಡೆಯ ಪಾಯಕ್ಕೆ ಕಳಿಸಿದಂತಾಗುತ್ತಿತ್ತು. ಬೇವಿನ ಮರ ಗೋಡೆಯಿಂದ ಹದಿನೈದು ಮೀಟರ್ ದೂರ, ಅಂಗಳದ ಇಳಿಜಾರಿಗೆ ಅಡ್ಡಲಾಗಿ. ಅಲ್ಲಿಂದ 20 ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಾಂಕ್ರೀಟನ್ನು ಪಟ್ಟಿಯಂತೆ ಎತ್ತಿ, ಒಂದು ಮೀಟರ್ ಆಳ ತೋಡಿ ಕಲ್ಲು ತುಂಬಬೇಕು. ಕಲ್ಲಿನ ಸಂದಿಯಲ್ಲಿ ಒಮ್ಮೆಗೆ ನಿಲ್ಲುವ ನೀರು ಏಳೆಂಟು ಸಾವಿರ ಲೀಟರ್. 44,000ದ ಮುಂದೆ ಇದು ಏನೂ ಅಲ್ಲ ಎಂದು ಮಕ್ಕಳೇ ಲೆಕ್ಕ ಮಾಡಿ ಹೇಳಿದರು. ತುಂಬುತ್ತಿರುವಾಗಲೇ ಇಂಗುತ್ತದೆ, ಚಿಕ್ಕ ಮಳೆಗಳು ಪೂರ್ತಿ ನಿಲ್ಲುತ್ತವೆ, ದೊಡ್ಡ ಮಳೆಯ ಮೊದಲ ರಭಸ ಮುರಿಯುತ್ತದೆ ಎಂದೆ. ಮಾಳಿಗೆಯ ನೀರನ್ನು ಬೇರೆಯಾಗಿ ತೊಟ್ಟಿಗೆ ತಿರುಗಿಸಿ ಶೌಚಾಲಯಕ್ಕೆ ಬಳಸುವುದು ಎಂದಾಯಿತು. ನಿಂತ ನೀರಿಗೆ ಸೊಳ್ಳೆ ಬರುವುದಿಲ್ಲವೇ ಎಂದು ಕೇಳಿದವರಿಗೆ ಮಕ್ಕಳೇ ಉತ್ತರಿಸುತ್ತಿದ್ದರು: ಮೊಟ್ಟೆ ಸೊಳ್ಳೆಯಾಗಲು ವಾರ ಬೇಕು, ನಮ್ಮ ನೀರು ಒಂದು ದಿನವೂ ನಿಲ್ಲುವುದಿಲ್ಲ.

ಉಳಿದದ್ದು ದಾನಿಗಳು. ಹೋಗಲು ನನಗೆ ಧೈರ್ಯ ಬಂದದ್ದು ನಾಲ್ಕು ತಿಂಗಳ ನಂತರ, 2023ರ ಮಾರ್ಚಿನಲ್ಲಿ. ಕಾಲು ಹಿಡಿದು ಹಾಕಿಸಿಕೊಂಡ ಕಾಂಕ್ರೀಟನ್ನು ಒಡೆಯಲು ಅನುಮತಿ ಕೇಳುವುದು ಹೇಗೆ? ಮಕ್ಕಳ ನಕ್ಷೆ, ನೀಲಿ ಸಿಪ್ಪೆ ತುಂಬಿದ ಡಬ್ಬ ತೆಗೆದುಕೊಂಡು ಹೋದೆ. ಅವರು ಮೊದಲು ರೇಗಿದರು. “ಮೇಷ್ಟ್ರೇ, ಕೊಟ್ಟಿದ್ದು ನಾನು, ಕೇಳಿದ್ದು ನೀವು. ಈಗ ನಾನು ಬಡವರ ಮನೆ ಮುಳುಗಿಸಿದೋನು ಅಂತ ಊರಲ್ಲಿ ಅನ್ನಿಸ್ತೀರಾ?” ಇಲ್ಲ, ಮುಳುಗಿಸಿದೋನು ನಾನು ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಬಹಳ ಹೊತ್ತು ನಕ್ಷೆ ನೋಡಿದರು. ಡಬ್ಬದಿಂದ ಒಂದು ಸಿಪ್ಪೆ ತೆಗೆದು ತಿರುಗಿಸಿದರು. ಮಂಡಿಯವರು, ಕಡಲೆಕಾಯಿ ಯಾವ ತಳಿ ಎಂದು ಹೇಳಿದರು. ಕೊನೆಗೆ, “ಒಡೀರಿ. ಕಲ್ಲಿನ ಕಡೆ ಮಾತ್ರ ಒಡೀಬೇಡಿ” ಅಂದರು. ಕಲ್ಲು ಎಂದರೆ ಅವರ ಹೆಸರಿನ ಗ್ರಾನೈಟು. ಜಲ್ಲಿಗೆ ದುಡ್ಡನ್ನೂ ಕೊಟ್ಟರು.

ಏಪ್ರಿಲಿನಲ್ಲಿ ಕೆಲಸ ಮುಗಿಯಿತು. ಏಳನೆಯವರು ಹೈಸ್ಕೂಲಿಗೆ ಹೋಗುವ ಮುಂಚೆ ತಾವೇ ಅಂಚಿಗೆ ಲಾವಂಚ ನೆಟ್ಟರು. ಮಳೆಗಾಲಕ್ಕೆ ಕಾದೆವು.

2023ರಲ್ಲಿ ಮಳೆ ಬರಲಿಲ್ಲ. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಕಡಲೆಕಾಯಿ ಹೊಲದಲ್ಲೇ ಒಣಗಿತು. ಇಂಗುಗುಂಡಿಯ ಕಲ್ಲುಗಳ ಮೇಲೆ ಬೇವಿನ ಎಲೆ ಉದುರಿ ಮಲಗಿದವು. “ಗುಂಡಿ ತೋಡ್ಸಿ ಮಳೆ ಓಡ್ಸಿದ್ರಿ” ಎಂದು ಚಹಾ ಅಂಗಡಿಯಲ್ಲಿ ನನ್ನನ್ನು ಗೇಲಿ ಮಾಡಿದರು. ಲಾವಂಚಕ್ಕೆ ಟ್ಯಾಂಕರಿನ ನೀರು ಹಾಕಿ ಉಳಿಸಿಕೊಳ್ಳಬೇಕಾಯಿತು. ಮಳೆನೀರಿನ ಕೆಲಸಕ್ಕೆ ಟ್ಯಾಂಕರಿನ ನೀರು!

ನಿಜವಾದ ಪರೀಕ್ಷೆ ಆದದ್ದು 2024ರ ಅಕ್ಟೋಬರಿನಲ್ಲಿ. ಹೊಸ ಏಳನೆಯವರು ಮತ್ತೆ ನೂರು ನೀಲಿ ಸಿಪ್ಪೆ ಬಣ್ಣ ಬಳಿದು ಹರಡಿದ್ದರು. ರಾತ್ರಿ ಹತ್ತಕ್ಕೆ ಶುರುವಾದ ಮಳೆ ನಿಲ್ಲಲಿಲ್ಲ. ನನಗೆ ನಿದ್ದೆ ಬರಲಿಲ್ಲ. ಹನ್ನೆರಡು ಗಂಟೆಗೆ ಕೊಪ್ಪೆ ಹಾಕಿಕೊಂಡು ಟಾರ್ಚು ಹಿಡಿದು ಶಾಲೆಗೆ ಹೋದೆ. ಕಾಂಕ್ರೀಟಿನ ಮೇಲೆ ಹಾಳೆಯಂತೆ ಸರಿದು ಬಂದ ನೀರು ಕಲ್ಲಿನ ಪಟ್ಟಿಯೊಳಗೆ ಗುಟುಗುಟು ಸದ್ದು ಮಾಡುತ್ತ ಇಳಿಯುತ್ತಿತ್ತು. ಮುಕ್ಕಾಲು ಗಂಟೆ ಇಳಿಯಿತು. ಆಮೇಲೆ ಪಟ್ಟಿ ತುಂಬಿ ಮೇಲಕ್ಕೆ ಉಕ್ಕಿತು, ಒಂದು ತೆಳುವಾದ ಹರಿವು ಮೂಲೆಯ ಕಡೆ ಹೊರಟಿತು. ನಾನು ಕೊಪ್ಪೆಯೊಳಗೆ ನಿಂತು ಅದನ್ನು ನೋಡುತ್ತಿದ್ದೆ. ಕಾಲಿನಿಂದ ತಡೆಯಲು ನೋಡಿದ್ದೂ ಉಂಟು.

ಗೋಡೆಯ ಆಚೆ ದೀಪ ಹತ್ತಿತು. ಬೆಳಿಗ್ಗೆ ಹೋದಾಗ ಅಡುಗೆಯಮ್ಮ ಅಂಗಳ ಗುಡಿಸಿ ಮುಗಿಸಿದ್ದರು. ಹೈಸ್ಕೂಲಿನ ಸಮವಸ್ತ್ರದಲ್ಲಿದ್ದ ಮೊಮ್ಮಗಳು ಅಂಗೈ ಚಾಚಿದಳು. ನೀಲಿ ಸಿಪ್ಪೆ 11. ಒಂಬತ್ತು ದಿಂಡಿನ ಹೊರಗೆ ಸಿಕ್ಕಿದ್ದವಂತೆ, ಎರಡು ಒಳಗೆ.

“ಇನ್ನೊಂದು ಪಟ್ಟಿ ತೋಡಿಸ್ತೀವಮ್ಮ. ಆಮೇಲೆ ಈ ದಿಂಡು ಒಡೆಸಿಬಿಡಿ, ದಾಟೋಕೆ ನಿಮಗೂ ಕಷ್ಟ” ಎಂದೆ.

ಆಕೆ ದಿಂಡಿನ ಮೇಲೆ ಒಂದು ಕಾಲಿಟ್ಟು, ಅಡುಗೆಕೋಣೆಯ ಬೀಗದ ಕೈಗಾಗಿ ಸೊಂಟ ತಡಕಾಡುತ್ತ, “ಇರ್ಲಿ ಬಿಡಿ ಸಾ” ಅಂದರು.